ಆರ್ಕನ್ಸಾ ರಾಜ್ಯದ ಅಧಿಕೃತ ವಾದ್ಯ ಪಿಟೀಲಂತೆ! ನಾವು ಮಾತ್ರ ‘ವಯಲಿನ್’ ಅನ್ನೋದು ಯಾಕೆ?

ಬೆಂಟನ್‌ವಿಲ್ ರಾಯ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ಗೆ ಬಂದು ಆರು ವರ್ಷ ಆಯಿತು. ನಮ್ಮವರು ಈ ಊರಿಗೆ ಬಂದು ಸೇರೋದು ವಾಲ್‌ಮಾರ್ಟ್ ಅಂಗಡಿಯ ಹೆಡ್ಡಾಫೀಸಿನ ದೆಸೆಯಿಂದ ಅಂತ ಬಿಡಿಸಿ ಹೇಳಬೇಕಿಲ್ಲ.

ಮಗಳು ನಾಲ್ಕನೇ ಕ್ಲಾಸು. ಕಳೆದ ವಾರ ಶಾಲೆಯಲ್ಲಿ ರಾಜ್ಯದ ಲಾಂಛನಗಳ ಪಟ್ಟಿ ಬಾಯಿಪಾಠಕ್ಕೆ ಕೊಟ್ಟಿದ್ದರು. ಹಕ್ಕಿ ಮಾಕಿಂಗ್‌ಬರ್ಡ್, ಹೂವು ಸೇಬಿನ ಹೂವು, ಮರ ಪೈನ್. ಪಾನೀಯ ಹಾಲು! (ನನಗಂತೂ ಖುಷಿಯಾಯಿತು.) ಕೊನೆಗೆ ವಾದ್ಯ: ಫಿಡಲ್.

“ಫಿಡಲ್ ಅಂದ್ರೆ ಏನಪ್ಪಾ?” ಅಂದಳು. “ಪಿಟೀಲು ಕಣಮ್ಮ” ಅಂದೆ. ಮುಖ ನೋಡಿದಳು. “ನೀನು ಪ್ರತಿ ಶನಿವಾರ ಕ್ಲಾಸಲ್ಲಿ ನುಡಿಸ್ತೀಯಲ್ಲ, ಅದೇ” ಅಂದಾಗ, “ಅದು ವಯಲಿನ್ ಅಲ್ವಾ?” ಅಂದಳು. ಅವಳು ಮೈಸೂರಿನ ಒಬ್ಬ ಮೇಷ್ಟ್ರ ಹತ್ತಿರ ಆನ್‌ಲೈನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ.

ಆಮೇಲೆ ಸುಮ್ನೆ ಹುಡುಕುತ್ತಾ ಕೂತೆ. ಆರ್ಕನ್ಸಾ 1985ರಲ್ಲಿ ಕಾನೂನು ಮಾಡಿ ಫಿಡಲನ್ನು ರಾಜ್ಯದ ವಾದ್ಯ ಅಂತ ಘೋಷಿಸಿದೆ. ಪಕ್ಕದ ಓಕ್ಲಹೋಮಾ ಅದಕ್ಕೂ ಒಂದು ವರ್ಷ ಮೊದಲೇ, 1984ರಲ್ಲಿ. ಮಿಸೌರಿ 1987ರ ಜುಲೈ 17ಕ್ಕೆ. ಸೌತ್ ಡಕೋಟಾ 1989ಕ್ಕೆ. ಐದು ವರ್ಷದಲ್ಲಿ ನಾಲ್ಕು ರಾಜ್ಯ! ಆಮೇಲೆ ಬಂದವರು ಬೇರೆ ಬೇರೆ ದಾರಿ ಹಿಡಿದರು. ಲೂಯಿಸಿಯಾನಾ ಅಕಾರ್ಡಿಯನ್ ಅಂತು, ಟೆಕ್ಸಾಸ್ ಗಿಟಾರ್ ಅಂತು, ಕೆಂಟಕಿ ಡಲ್ಸಿಮರ್ ಅಂತು.

ನನ್ನ ತಲೆ ಕೊರೆಯುತ್ತಿರೋದು ಒಂದೇ ಪ್ರಶ್ನೆ. ಯಾವ ರಾಜ್ಯವೂ ಕಾನೂನಲ್ಲಿ ‘ವಯಲಿನ್’ ಅಂತ ಬರೆಯಲಿಲ್ಲ. ಬೇಕಂತಲೇ ‘ಫಿಡಲ್’ ಅಂತ ಬರೆದರು. ನಮ್ಮ ಪಿಟೀಲು ಅನ್ನೋ ಪದ ಹುಟ್ಟಿದ್ದೂ ಅದೇ ಫಿಡಲ್‌ನಿಂದ. ನಮ್ಮ ತಾತನ ಬಾಯಲ್ಲಿ ವಯಲಿನ್ ಅನ್ನೋ ಪದ ನಾನು ಕೇಳಿದ್ದೇ ಇಲ್ಲ. ಈಗ ಕಛೇರಿಯ ಪಾಂಪ್ಲೆಟ್ ನೋಡಿ, ಬಹಳ ಕಡೆ ‘ವಯಲಿನ್’. ಇಲ್ಲಿಯವರು ಹಳ್ಳಿಯ ಹೆಸರನ್ನು ಎತ್ತಿ ವಿಧಾನಸಭೆಗೆ ಒಯ್ದರು. ನಾವು ಅದನ್ನೇ ಬಿಟ್ಟು ಕೂತಿದ್ದೇವೆ. ಯಾಕೆ?

ಮಲ್ಲೇಶ್ವರದ ಮೂರ್ತಿ

ಯಾಕೆ ಅಂದ್ರೆ, “ಏನೋ ಬೆಳಿಗ್ಗೆಯಿಂದ ಪಿಟೀಲು ಕುಯ್ತಿದ್ದೀಯ” ಅಂತ ಕಾಲೇಜಲ್ಲಿ ಬೈಸಿಕೊಂಡ ನಾವೇ ಆ ಪದ ಹಾಳು ಮಾಡಿದ್ದು ಸ್ವಾಮಿ! ಬೋರ್ ಹೊಡೆಸೋನಿಗೆಲ್ಲ ಪಿಟೀಲು ಅಂಟಿಸಿದೆವು. ಆಮೇಲೆ ವಿದ್ವಾಂಸರ ಹೆಸರಿನ ಹಿಂದೆ ಅದೇ ಪದ ಹಾಕೋಕೆ ಸಂಕೋಚ.

ಆದರೆ ಒಬ್ಬರ ವಿಷಯದಲ್ಲಿ ಮಾತ್ರ ಆ ಪದ ಅಲ್ಲಾಡಿಲ್ಲ. ಪಿಟೀಲು ಚೌಡಯ್ಯ. ‘ವಯಲಿನ್ ಚೌಡಯ್ಯ’ ಅಂತ ಒಂದ್ಸಲ ಬಾಯಿಬಿಟ್ಟು ಹೇಳಿ ನೋಡಿ, ಬೇರೆ ಯಾರದೋ ಹೆಸರು ಹೇಳಿದ ಹಾಗೆ ಇರುತ್ತೆ. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತವರು. ಮೈಕ್ ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವನಿಗೂ ಕೇಳಲಿ ಅಂತ ನಾಲ್ಕು ತಂತಿಯ ಜೊತೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನಮ್ಮ ಮನೆಯಿಂದ ನಡೆದುಹೋಗೋ ದೂರದಲ್ಲೇ ಅವರ ಹೆಸರಿನ ಸಭಾಂಗಣ ಇದೆ. ಇಡೀ ಕಟ್ಟಡವೇ ಪಿಟೀಲಿನ ಆಕಾರ. ತಂತಿ, ಬಿರಡೆ, ಕಮಾನು ಎಲ್ಲ ಕಾಣುತ್ತೆ. ಸರ್ಕಾರದ ಘೋಷಣೆ ಯಾರಿಗೆ ಬೇಕು? ಪಿಟೀಲಿನೊಳಗೇ ಹೋಗಿ ಕೂತು ಕಛೇರಿ ಕೇಳೋರು ನಾವು!

ಸೇಂಟ್ ಲೂಯಿಸ್ ಶಾರದಾ

ಮೂರ್ತಿ ಸರ್ 😄

ರಾಯ ಅವರೇ, ಮಿಸೌರಿಯ ಕಡೆಯಿಂದ ನನ್ನದೂ ಸ್ವಲ್ಪ. ಇಲ್ಲಿ ಫಿಡಲ್ ಆರಿಸಿದ್ದಕ್ಕೆ ಕೊಡೋ ಕಾರಣ ಬಹಳ ಸರಳ. 1700ರ ಕೊನೆಯ ಹೊತ್ತಿಗೆ ತುಪ್ಪಳದ ವ್ಯಾಪಾರಿಗಳು, ವಲಸೆ ಬಂದವರು ಇದನ್ನು ತಂದರು. ಹಗುರ, ಹೊತ್ತುಕೊಂಡು ಹೋಗಬಹುದು. ಮೇಷ್ಟ್ರಿಲ್ಲದೆಯೂ ಕಲಿಯಬಹುದು. ಯಾವ ಹಾಡಿಗೂ ಹೊಂದುತ್ತೆ. ಕುದುರೆ ಮೇಲೆ ಪಿಯಾನೋ ಹೊತ್ತು ತರೋಕಾಗಲ್ಲ ಅಲ್ವಾ? ರಾತ್ರಿ ಯಾರದೋ ಮನೆಯ ಮುಂದೆ ಕುಣಿತ ಅಂದರೆ, ಇಡೀ ಊರಿಗೆ ಒಂದು ಫಿಡಲೇ ಆರ್ಕೆಸ್ಟ್ರಾ.

ಒಂದು ಕಥೆ ಹೇಳಲೇಬೇಕು. ಹೊಸ ನೆಲ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಯಾತ್ರೆ ಕೇಳಿರ್ತೀರಿ. 1804ರಲ್ಲಿ ನಮ್ಮ ಸೇಂಟ್ ಲೂಯಿಸ್ ಪಕ್ಕದಿಂದ ಹೊರಟು ಮಿಸೌರಿ ನದಿ ಹಿಡಿದು ಪಡುವಣದ ಪೆಸಿಫಿಕ್ ಸಾಗರದ ತನಕ ಹೋದವರು. ಆ ದಂಡಿನಲ್ಲಿ ಪಿಯರ್ ಕ್ರುಜಾಟ್ ಅಂತ ಒಬ್ಬ ದೋಣಿಗಾರ ಇದ್ದ. ಅಪ್ಪ ಫ್ರೆಂಚ್, ಅಮ್ಮ ಒಮಾಹಾ ಬುಡಕಟ್ಟಿನವಳು. ಒಂದೇ ಕಣ್ಣು, ಅದೂ ಮಂದ. ಆದರೆ ಫಿಡಲ್ ಹಿಡಿದರೆ ದಿನವಿಡೀ ಹುಟ್ಟು ಹಾಕಿ ಸುಸ್ತಾದವರೂ ಎದ್ದು ಕುಣಿಯುತ್ತಿದ್ದರು. ದಾರಿಯಲ್ಲಿ ಸಿಕ್ಕ ಬುಡಕಟ್ಟಿನವರ ಜೊತೆ ಮಾತು ಬರದಿದ್ದ ಕಡೆ ಅವನ ಫಿಡಲೇ ಮಾತಾಡಿತು. ವಾಪಸ್ ಬರುವಾಗ, 1806ರ ಆಗಸ್ಟಿನಲ್ಲಿ, ಕಡವೆ ಅಂದುಕೊಂಡು ನಾಯಕ ಲೂಯಿಸನ ಹಿಂಭಾಗಕ್ಕೇ ಗುಂಡು ಹೊಡೆದುಬಿಟ್ಟ! ಪುಣ್ಯಕ್ಕೆ ಲೂಯಿಸ್ ಉಳಿದ.

ಸೌತ್ ಡಕೋಟಾದವರು ಫಿಡಲ್ ಆರಿಸಿದ್ದು ಯಾಕೆ ಅಂತ ಕೇಳಿದರೆ ನಾನು ಈ ಕ್ರುಜಾಟ್ ಕಥೆ ಹೇಳ್ತೀನಿ. ಆ ದೋಣಿ ಅವರ ನೆಲವನ್ನೂ ದಾಟಿಯೇ ಹೋಗಿದ್ದು.

ಧಾರವಾಡದವ

ಎಲ್ಲ ಚೆನ್ನಾಗಿದೆ ರೀ, ಆದ್ರೆ ಒಂದು ಪ್ರಶ್ನೆ. ಆ ನೆಲದ ಮೂಲ ಜನರ ಡೋಲು, ಕೊಳಲು ಎಲ್ಲಿ ಹೋದವು? ಯುರೋಪಿನಿಂದ ಹಡಗಲ್ಲಿ ಬಂದ ವಾದ್ಯವನ್ನು ‘ನಮ್ಮ ನೆಲದ ಗುರುತು’ ಅಂತ ವೋಟು ಹಾಕಿ ಪಾಸು ಮಾಡಿಕೊಂಡರೆ ಆಯ್ತಾ? ಓಕ್ಲಹೋಮಾ ಅನ್ನೋದು 1907ರಲ್ಲಿ ರಾಜ್ಯ ಆಗೋಕೆ ಮುಂಚೆ ಅದರ ದೊಡ್ಡ ಭಾಗಕ್ಕೆ ‘ಇಂಡಿಯನ್ ಟೆರಿಟರಿ’ ಅಂತಲೇ ಹೆಸರಿತ್ತು. ಬೇರೆ ಕಡೆಯ ಬುಡಕಟ್ಟುಗಳನ್ನು ಮನೆ ಬಿಡಿಸಿ ಓಡಿಸಿಕೊಂಡು ಬಂದು ಇಳಿಸಿದ ಜಾಗ ಅದು. ಅಲ್ಲಿಗೆ ಫಿಡಲ್ ಲಾಂಛನ ಅಂದ್ರೆ ನನಗ್ಯಾಕೋ ಗಂಟಲಲ್ಲಿ ಇಳಿಯಲ್ಲ.

ತುಲ್ಸಾ ತಿಪ್ಪೇಶಿ

ಧಾರವಾಡದಣ್ಣ, ಪ್ರಶ್ನೆ ನ್ಯಾಯವಾಗಿದೆ. ಓಕ್ಲಹೋಮಾದವರಿಗೂ ಅದು ಕೊರೆದಿರಬೇಕು. 1993ರಲ್ಲಿ ಡೋಲನ್ನೂ ರಾಜ್ಯದ ತಾಳವಾದ್ಯ ಅಂತ ಸೇರಿಸಿಕೊಂಡರು. ಒಂಬತ್ತು ವರ್ಷ ತಡ, ಒಪ್ಪಿದೆ.

ಆದರೆ ಫಿಡಲನ್ನು ಬರೀ ಬಿಳಿಯರ ವಾದ್ಯ ಅಂತ ಅಂದುಬಿಟ್ಟರೆ ಅರ್ಧ ಜನರನ್ನು ಮನೆಯಿಂದ ಆಚೆ ಹಾಕಿದ ಹಾಗೆ. ಚೆರೋಕಿ ಜನರಲ್ಲಿ ಒಳ್ಳೆ ಫಿಡಲ್‌ಗಾರರು ತಲೆತಲಾಂತರದಿಂದ ಇದ್ದಾರೆ. ಶಾರದಾ ಅಕ್ಕ ಹೇಳಿದ ಕ್ರುಜಾಟ್ ಕೂಡ ಅರ್ಧ ಒಮಾಹಾ. ಇನ್ನು ಕರಿಯರ ಕಥೆ. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದಲ್ಲಿ ಜಮೀನುದಾರರ ಮನೆಯ ಕುಣಿತಕ್ಕೆ ಫಿಡಲ್ ನುಡಿಸುತ್ತಿದ್ದವರು ಬಹಳಷ್ಟು ಸಲ ಕರಿಯ ಗುಲಾಮರೇ. ಸಾಲೊಮನ್ ನಾರ್ಥಪ್ ಅಂತ ನ್ಯೂಯಾರ್ಕಿನ ಸ್ವತಂತ್ರ ಕರಿಯ, ಒಳ್ಳೆ ಫಿಡಲ್‌ಗಾರ. ಸರ್ಕಸ್ಸಿಗೆ ನುಡಿಸೋಕೆ ಬಾ, ದುಡ್ಡು ಕೊಡ್ತೀವಿ ಅಂತ 1841ರಲ್ಲಿ ಇಬ್ಬರು ಪುಸಲಾಯಿಸಿ ಕರೆದುಕೊಂಡು ಹೋಗಿ ಮಾರಿಬಿಟ್ಟರು. ಲೂಯಿಸಿಯಾನಾದಲ್ಲಿ ಹನ್ನೆರಡು ವರ್ಷ ಗುಲಾಮನಾಗಿ ದುಡಿದ. ಫಿಡಲ್‌ನಿಂದಲೇ ಬಲೆಗೆ ಬಿದ್ದ. ಅಲ್ಲಿ ಅವನ ಜೀವ ಹಿಡಿದಿಟ್ಟಿದ್ದೂ ಫಿಡಲ್ಲೇ. ಕಾನೂನಿನ ಆ ಒಂದು ಸಾಲಿನಲ್ಲಿ ಇದೆಲ್ಲ ಇಲ್ಲ ನೋಡಿ.

ನಮ್ಮ ತುಲ್ಸಾದಲ್ಲಿ ಕೇನ್ಸ್ ಬಾಲ್‌ರೂಮ್ ಅಂತ ಒಂದು ಹಳೇ ಕುಣಿತದ ಹಾಲ್ ಇದೆ, ಇವತ್ತೂ ನಡೀತಿದೆ. 1930ರ ದಶಕದಲ್ಲಿ ಬಾಬ್ ವಿಲ್ಸ್ ಅನ್ನೋ ಫಿಡಲ್‌ಗಾರ ಅಲ್ಲಿಂದ ರೇಡಿಯೋದಲ್ಲಿ ನುಡಿಸುತ್ತಿದ್ದ. ಹಳ್ಳಿ ಫಿಡಲಿಗೆ ಜಾಝ್ ಬೆರೆಸಿದವನು. ಕರಿಯರ ಬ್ಲೂಸ್ ಕೇಳಿಕೊಂಡು, ಅವರ ಜೊತೆ ಹತ್ತಿ ಬಿಡಿಸುತ್ತಾ ಬೆಳೆದವನು. ಈ ವಾದ್ಯದಲ್ಲಿ ಯಾರ ಪಾಲು ಎಷ್ಟು ಅಂತ ಅಳೆಯೋಕೆ ಹೋದರೆ ಮುಗಿಯಲ್ಲ.

ಧಾರವಾಡದವ

ತಿಪ್ಪೇಶಿ, ಒಪ್ಪಿದೆ. ನಾರ್ಥಪ್ ವಿಷಯ ಗೊತ್ತಿತ್ತು, ಆದ್ರೆ ಅವನು ಫಿಡಲ್‌ಗಾರ ಅಂತ ನೆನಪೇ ಇರಲಿಲ್ಲ.

ಕಮಾನು ಮತ್ತು ಕಾಫಿ

ನಾನು ಹದಿನೈದು ವರ್ಷ ಪಿಟೀಲು ಕಲಿತವಳು. (ಹೌದು, ಇವತ್ತಿಂದ ಪಿಟೀಲು ಅಂತಲೇ ಹೇಳ್ತೀನಿ.) ಫಿಡಲ್ ಬೇರೆ, ವಯಲಿನ್ ಬೇರೆ ಅಂದುಕೊಂಡವರಿಗೆ: ಪೆಟ್ಟಿಗೆ ಒಂದೇ. ವ್ಯತ್ಯಾಸ ನುಡಿಸೋ ಕೈಯಲ್ಲಿ. ಕೆಲವು ಫಿಡಲ್‌ಗಾರರು ತಂತಿ ಹೊತ್ತಿರೋ ಕುದುರೆಯನ್ನು (ಬ್ರಿಡ್ಜ್ ಅಂತಾರಲ್ಲ, ಆ ಮರದ ತುಂಡು) ಸ್ವಲ್ಪ ಚಪ್ಪಟೆಯಾಗಿ ಕೆತ್ತಿಸಿಕೊಳ್ಳುತ್ತಾರೆ. ಒಂದೇ ಎಳೆತಕ್ಕೆ ಎರಡು ತಂತಿ ಸಿಗಲಿ ಅಂತ. ಒಂದರಲ್ಲಿ ಹಾಡು, ಇನ್ನೊಂದರಲ್ಲಿ ತಂಬೂರಿ ಹಾಗೆ ಶ್ರುತಿ. ಹಳೆಯ ಕಾಲದ ಎಷ್ಟೋ ಜನ ಗದ್ದಕ್ಕೆ ಕೊಡದೆ ಎದೆಗೆ ಆನಿಸಿ ಹಿಡಿಯುತ್ತಿದ್ದರು. ನಾವು ನೆಲದ ಮೇಲೆ ಕೂತು, ಎದೆ-ಭುಜಕ್ಕೂ ಬಲಗಾಲಿನ ಹರಡಿಗೂ ನಡುವೆ ಊರಿಕೊಳ್ತೀವಿ. ಇಟಲಿಯವನು ಎರಡನ್ನೂ ನೋಡಿದರೆ ಎದೆ ಹಿಡಿದುಕೊಳ್ಳಬೇಕು!

ನಮ್ಮ ಕಡೆ ಇದು ಬಂದಿದ್ದೂ ಹಳೇ ಕಥೆಯೇನಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಇಂಗ್ಲಿಷರ ಬ್ಯಾಂಡಿನವರಿಂದ ಕಲಿತರು. ಅಂದರೆ ಮಿಸೌರಿಯ ಕಾಡಿಗೆ ದೋಣಿಯಲ್ಲಿ ಫಿಡಲ್ ಹೋಗುತ್ತಿದ್ದ ಕಾಲಕ್ಕೂ ನಮ್ಮ ಮನೆಗೆ ಅದು ಕಾಲಿಟ್ಟ ಕಾಲಕ್ಕೂ ಜಾಸ್ತಿ ದೂರ ಇಲ್ಲ. ಇನ್ನೂರು ವರ್ಷದಲ್ಲಿ ಅದು ‘ನಮ್ಮದು’ ಆಯ್ತು. ಹಾಗಿದ್ದ ಮೇಲೆ ಅಲ್ಲಿ ಅವರದು ಆಗಬಾರದಾ?

ಬರ್ಗೆನ್ ಬೋರೇಗೌಡ

ನಾರ್ವೆಯಿಂದ ಹಾಜರ್. ಇಲ್ಲಿ ಹಾರ್ಡಾಂಗರ್ ಫಿಡಲ್ ಅಂತ ಇದೆ, ದೇಶದ ವಾದ್ಯ ಅಂತಲೇ ಜನ ಲೆಕ್ಕ. ಮೇಲೆ ನಾಲ್ಕು ತಂತಿ, ಕೆಳಗೆ ಇನ್ನೂ ನಾಲ್ಕೈದು. ಕೆಳಗಿನವನ್ನು ಯಾರೂ ಮುಟ್ಟಲ್ಲ. ಮೇಲಿನವು ನುಡಿದರೆ ತಾವೇ ಜುಂ ಅಂತವೆ. ನಮ್ಮ ಸಾರಂಗಿ, ಸಿತಾರಿನ ತರಬ್ ಇದ್ದ ಹಾಗೆ. ಮೈತುಂಬಾ ಶಾಯಿಯ ಚಿತ್ತಾರ, ಮುತ್ತಿನ ಚಿಪ್ಪಿನ ಕೆತ್ತನೆ. ಇದನ್ನೂ ದೆವ್ವದ ವಾದ್ಯ ಅಂತ ಚರ್ಚಿನವರು ಬೈದು, ಒಡೆದು, ಸುಟ್ಟ ಕಾಲ ಇತ್ತು. ಈಗ ಮದುವೆ ಮೆರವಣಿಗೆಯ ಮುಂದೆ ಅದೇ ಬೇಕು.

ಸೇಂಟ್ ಲೂಯಿಸ್ ಶಾರದಾ

ಅಯ್ಯೋ ಇಲ್ಲೂ ಅದೇ! ಫಿಡಲಿಗೆ ‘ದೆವ್ವದ ಪೆಟ್ಟಿಗೆ’ ಅಂತ ಅಡ್ಡಹೆಸರು. ಕುಣಿತ ಎಲ್ಲಿದೆಯೋ ಅಲ್ಲಿ ಕುಡಿತ, ಅಲ್ಲಿ ಫಿಡಲ್ ಅಂತ ಪಾದ್ರಿಗಳ ಸಿಟ್ಟು. ಅದೇ ಪೆಟ್ಟಿಗೆಗೆ ಈಗ ಸರ್ಕಾರದ ಮೊಹರು.

ಹೊಸಬ_ಕಾನ್ಸಾಸ್

ದೊಡ್ಡವರ ಮಧ್ಯೆ ಒಂದು ಚಿಕ್ಕ ಪ್ರಶ್ನೆ. ಈ ಚರ್ಚೆ ಓದಿ ಹುರುಪು ಬಂದು ಆನ್‌ಲೈನಲ್ಲಿ ಅಗ್ಗದ ಒಂದು ಪಿಟೀಲು ತರಿಸಿದೆ. ಕಮಾನು ಎಳೆದರೆ ಶಬ್ದವೇ ಬರ್ತಿಲ್ಲ. ಕುದುರೆ ಬೇರೆ ಕಳಚಿಕೊಂಡು ಪೆಟ್ಟಿಗೆಯಲ್ಲಿ ಬಿದ್ದಿತ್ತು. ವಾಪಸ್ ಕಳಿಸಲಾ?

ಕಮಾನು ಮತ್ತು ಕಾಫಿ

ಕಳಿಸಬೇಡಿ! ಹೊಸ ಕಮಾನಿಗೆ ರಾಸಿನ್ ಹಚ್ಚೋ ತನಕ ಅದು ಮೂಗಿಯೇ. ಡಬ್ಬಿಯಲ್ಲಿ ಜೇನುಬಣ್ಣದ ಒಂದು ಗಟ್ಟಿ ಬಿಲ್ಲೆ ಇರುತ್ತೆ. ಅದರ ಮೇಲ್ಮೈಯನ್ನು ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ, ಕಮಾನಿನ ಕೂದಲಿಗೆ ಐದು ನಿಮಿಷ ಎಳೆಯಿರಿ. ಪುಡಿ ಏಳಬೇಕು. ಕುದುರೆ ಬಿದ್ದಿರೋದೂ ದೋಷ ಅಲ್ಲ, ಎಷ್ಟೋ ಸಲ ಬಿಚ್ಚಿಯೇ ಕಳಿಸ್ತಾರೆ. ಅಂಟು ಗಿಂಟು ಹಾಕೀರಿ ಜೋಕೆ. ತಂತಿಯ ಬಿಗಿಗೇ ಅದು ನಿಲ್ಲಬೇಕು. ಒಳಗೆ ಒಂದು ಸಣ್ಣ ಕಡ್ಡಿ ನೆಟ್ಟಗೆ ನಿಂತಿರುತ್ತೆ, ಸೌಂಡ್‌ಪೋಸ್ಟ್ ಅಂತಾರೆ. ಅಲ್ಲಾಡಿಸಿದಾಗ ಒಳಗೆ ಕಟಕಟ ಅಂದರೆ ಆ ಕಡ್ಡಿ ಬಿದ್ದಿದೆ ಅಂತ ಅರ್ಥ. ಆಗ ಮಾತ್ರ ರಿಪೇರಿಯವರ ಹತ್ತಿರ ಹೋಗಿ.

ಚಳಿಗಾಲದಲ್ಲಿ ಹೀಟರ್ ಪಕ್ಕ ಇಡಬೇಡಿ. ಮರ ಒಣಗಿ ಬಿರಡೆ ಜಾರುತ್ತೆ. ನನ್ನದು ಒಂದು ಜನವರಿ ರಾತ್ರಿ ನಾಲ್ಕೂ ಬಿರಡೆ ಸಡಿಲ ಆಗಿ, ಬೆಳಿಗ್ಗೆ ನೋಡಿದರೆ ತಂತಿ ಎಲ್ಲ ಬಟ್ಟೆ ಒಣಗಿಸೋ ಹಗ್ಗದ ಹಾಗೆ ಜೋತಾಡ್ತಿದ್ದವು.

ಬೆಂಟನ್‌ವಿಲ್ ರಾಯ

ಮೂರು ವಾರ ಬಿಟ್ಟು ಬರೀತಿದ್ದೀನಿ. ಕ್ಷಮೆ ಇರಲಿ. ಬರಿಗೈಯಲ್ಲಿ ಬಂದಿಲ್ಲ.

ಕಳೆದ ಶನಿವಾರ ಮೌಂಟನ್ ವ್ಯೂಗೆ ಹೋಗಿದ್ದೆವು. ನಮ್ಮಲ್ಲಿಂದ ಮೂರು ಗಂಟೆಗೂ ಜಾಸ್ತಿ ದಾರಿ, ಓಝಾರ್ಕ್ ಬೆಟ್ಟಗಳ ನಡುವೆ ಸುತ್ತಿ ಸುತ್ತಿ. ಚಿಕ್ಕ ಊರು. ಹಳ್ಳಿ ಹಾಡು, ಕಸುಬು ಉಳಿಸೋಕೆ ಅಂತ ರಾಜ್ಯದವರೇ 1973ರಿಂದ ನಡೆಸೋ ಓಝಾರ್ಕ್ ಫೋಕ್ ಸೆಂಟರ್ ಇರೋದು ಅಲ್ಲೇ. ಆದರೆ ನಿಜವಾದ ಮಜಾ ಊರ ನಡುವಿನ ಕೋರ್ಟಿನ ಕಟ್ಟಡದ ಸುತ್ತ. ಸಂಜೆಯಾದರೆ ಜನ ಮಡಚೋ ಕುರ್ಚಿ ತಗೊಂಡು ಬರ್ತಾರೆ. ಮರದ ಕೆಳಗೆ ನಾಲ್ಕು ಜನ, ಮೂಲೆಯಲ್ಲಿ ಆರು ಜನ. ಫಿಡಲ್, ಬ್ಯಾಂಜೋ, ಗಿಟಾರ್. ಟಿಕೆಟ್ ಇಲ್ಲ, ಮೈಕ್ ಇಲ್ಲ. ನಮ್ಮೂರ ಅರಳಿಕಟ್ಟೆ ನೆನಪಾಯಿತು.

ಮಗಳು ತನ್ನ ಪಿಟೀಲು ತಂದಿದ್ದಳು. ಎಪ್ಪತ್ತು ದಾಟಿದ ಒಬ್ಬರು ಅಜ್ಜ ಕೈಸನ್ನೆ ಮಾಡಿ ಕರೆದರು. ಅವಳ ತಂತಿಗಳನ್ನು ಬೆರಳಲ್ಲಿ ಒಂದೊಂದಾಗಿ ಮೀಟಿದರು. ಮತ್ತೆ ಮೀಟಿದರು. “ಇದು ಕ್ರಾಸ್ ಟ್ಯೂನಿಂಗ್ ಅಲ್ವಾ? ನಿನಗೆ ಯಾರು ಹೇಳಿಕೊಟ್ಟರು ಮಗು?” ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ತಮ್ಮ ಫಿಡಲ್ ಎತ್ತಿ ತೋರಿಸಿದರು. ಮಾಮೂಲಿ ವಯಲಿನ್ ಶ್ರುತಿ ಜಿ-ಡಿ-ಎ-ಇ. ಹಳೇ ಕಾಲದ ಫಿಡಲ್‌ಗಾರರು ಕೆಲವು ಹಾಡಿಗೆ ಕೆಳಗಿನ ಎರಡು ತಂತಿಯನ್ನು ಒಂದೊಂದು ಸ್ವರ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಎ-ಇ-ಎ-ಇ! ಮಗಳು ತಟ್ಟನೆ ಹೇಳಿದಳು: “ಅಪ್ಪಾ, ಸ-ಪ-ಸ-ಪ!”

ಹೌದು ಕಣ್ರೀ. ನಾವು ಕರ್ನಾಟಕ ಸಂಗೀತಕ್ಕೆ ಕೂಡಿಸೋದೂ ಸ-ಪ-ಸ-ಪ. ಅವಳ ಶ್ರುತಿ ಅವರದಕ್ಕಿಂತ ಕೆಳಗಿತ್ತು, ಅಷ್ಟೇ ವ್ಯತ್ಯಾಸ. ಅವಳ ತಂತಿ ಅಷ್ಟು ಏರಿಸಿದರೆ ಪಟಾರ್ ಅನ್ನುತ್ತಿತ್ತು. ಅದಕ್ಕೆ ಅಜ್ಜ ತಮ್ಮ ಫಿಡಲನ್ನೇ ಕೈಗೆ ಕೊಟ್ಟರು.

ಇವಳು ಕುರ್ಚಿ ಬಿಟ್ಟು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಫಿಡಲನ್ನು ಕೆಳಮುಖ ಮಾಡಿ ಕಾಲಿಗೆ ಊರಿದ ತಕ್ಷಣ ಒಳಗೇನೋ ಕರಕರ ಅಂತ ಜಾರಿತು. ಮೇಲೆ ಕಾಫಿ ಮೇಡಂ ಹೇಳಿದ್ದು ನೆನಪಾಗಿ, ಅಯ್ಯೋ ಒಳಗಿನ ಕಡ್ಡಿ ಬೀಳಿಸಿಬಿಟ್ಟಳು ಅಂತ ನನಗೆ ಎದೆ ಧಸಕ್ ಅಂತು. ಅಜ್ಜ ನಗುತ್ತಾ, “ಹಾವು, ಹೆದರಬೇಡಿ” ಅಂದರು. ಬುಡುಬುಡಿಕೆ ಹಾವಿನ ಬಾಲದ ಗೆಜ್ಜೆ! ರ‍್ಯಾಟಲ್‌ಸ್ನೇಕ್. ಒಣಗಿದ ಗೆಜ್ಜೆಯನ್ನು ಫಿಡಲಿನ ಹೊಟ್ಟೆಯೊಳಗೆ ಹಾಕಿಡೋದು ಇವರ ಹಳೇ ಪದ್ಧತಿಯಂತೆ. ಒಬ್ಬರು ನಾದ ಚೆನ್ನಾಗಿ ಬರುತ್ತೆ ಅಂತಾರೆ, ಒಬ್ಬರು ಇಲಿ, ಜೇಡ ಹತ್ತಿರ ಬರಲ್ಲ ಅಂತಾರೆ, ಒಬ್ಬರು ತೇವ ತಡೆಯುತ್ತೆ ಅಂತಾರೆ. ಅಜ್ಜನ ಅಪ್ಪ ಹಾಕಿದ್ದಂತೆ, ಅದಕ್ಕೆ ಇವರೂ ತೆಗೆದಿಲ್ಲ.

ಮೋಹನ ರಾಗದ ಒಂದು ಗೀತೆ ನುಡಿಸಿದಳು. ಕಾಲಿನ ಹತ್ತಿರ ಗೆಜ್ಜೆ ಕರಕರ. ಎರಡನೇ ಆವರ್ತಕ್ಕೆ ಬ್ಯಾಂಜೋ ಸೇರಿತು. ಮೂರನೆಯದಕ್ಕೆ ಗಿಟಾರ್. ಐದೇ ಸ್ವರ ಅಲ್ವಾ, ಅವರ ಎಷ್ಟೋ ಹಾಡುಗಳೂ ಅದೇ ಐದರಲ್ಲಿ ಓಡಾಡುತ್ತವೆ. ತಾಳ ಮಾತ್ರ ಅವರದು, ಕುಣಿಸೋ ತಾಳ. ನಮ್ಮ ಗೀತೆ ಕುದುರೆ ಹತ್ತಿದ ಹಾಗೆ ಓಡಿತು. ಮೈಸೂರಿನ ಮೇಷ್ಟ್ರಿಗೆ ವಿಡಿಯೋ ಕಳಿಸೋಕೆ ಧೈರ್ಯ ಬಂದಿಲ್ಲ.

ಅಜ್ಜ ಆಮೇಲೆ ಒಂದು ಹಳೇ ಕಥೆ ಹೇಳಿದರು. 1840ರಲ್ಲಿ ಚುನಾವಣೆ ಪ್ರಚಾರಕ್ಕೆ ಹೊರಟ ಸ್ಯಾಂಡ್‌ಫರ್ಡ್ ಫಾಕ್ನರ್ ಅನ್ನೋನು ಬೆಟ್ಟದಲ್ಲಿ ದಾರಿ ತಪ್ಪಿ ಒಂದು ಗುಡಿಸಲಿಗೆ ಬಂದನಂತೆ. ಗುಡಿಸಲಿನವನು ಫಿಡಲಲ್ಲಿ ಒಂದು ಹಾಡಿನ ಮೊದಲರ್ಧವನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದಾನೆ. ಏನು ಕೇಳಿದರೂ ಅಡ್ಡಾದಿಡ್ಡಿ ಉತ್ತರ. ದಾರಿ ಹೇಳಲ್ಲ, ನೀರು ಕೊಡಲ್ಲ. ಕೊನೆಗೆ ಫಾಕ್ನರ್ ಫಿಡಲ್ ತಗೊಂಡು ಹಾಡಿನ ಉಳಿದರ್ಧ ನುಡಿಸಿದ. ಗುಡಿಸಲಿನವನು ಎದ್ದು ನಿಂತ. ಊಟ, ಹಾಸಿಗೆ, ಕುದುರೆಗೆ ಮೇವು, ಎಲ್ಲ ಬಂತು. ಆ ಹಾಡು ಕೆಲವು ವರ್ಷ ಆರ್ಕನ್ಸಾದ ನಾಡಗೀತೆಯೂ ಆಗಿತ್ತು.

ಮಲ್ಲೇಶ್ವರದ ಮೂರ್ತಿ

ರಾಯರೇ, ಓದಿ ಮುಗಿಸೋ ಹೊತ್ತಿಗೆ ಕಾಫಿ ಆರಿಹೋಗಿತ್ತು. ಹಾವಿನ ಗೆಜ್ಜೆ! ಚೌಡಯ್ಯನವರ ಏಳು ತಂತಿಗೆ ಅದನ್ನೂ ಹಾಕಿದ್ದಿದ್ದರೆ ಮಲ್ಲೇಶ್ವರದಿಂದ ಮೈಸೂರಿಗೇ ಕೇಳಿಸುತ್ತಿತ್ತು.

ಸರಿ, ಈಗ ನಮ್ಮ ವಿಷಯಕ್ಕೆ ಬನ್ನಿ. ಕರ್ನಾಟಕಕ್ಕೆ ನೀಲಕಂಠ ಇದೆ, ಆನೆ ಇದೆ, ಶ್ರೀಗಂಧ, ತಾವರೆ ಇದೆ. ಒಂದು ವಾದ್ಯ ಬೇಡ್ವಾ? ನನ್ನ ವೋಟು ಪಿಟೀಲಿಗೆ.

ಧಾರವಾಡದವ

ಡೊಳ್ಳು. ಚರ್ಚೆಯೇ ಬೇಡ.

ಕುಂದಾಪ್ರದ ಕೂಸು

ಚೆಂಡೆ ಇರುವಾಗ ಡೊಳ್ಳಾ?

ತುಲ್ಸಾ ತಿಪ್ಪೇಶಿ

ನಮ್ಮ ಚಾಮರಾಜನಗರದ ಕಡೆ ನೀಲಗಾರರ ತಂಬೂರಿ ಕೇಳಿದ್ದೀರಾ? ಒಂದು ರಾತ್ರಿ ಪೂರ್ತಿ ಮಂಟೇಸ್ವಾಮಿ ಕಥೆ ಕೇಳಿ, ಆಮೇಲೆ ಮಾತಾಡಿ.

ಸೇಂಟ್ ಲೂಯಿಸ್ ಶಾರದಾ

ವೀಣೆಯನ್ನ ಯಾರೂ ಹೇಳಲೇ ಇಲ್ಲ, ಮೈಸೂರಿನವಳಾಗಿ ನನಗೆ ಬೇಜಾರಾಯ್ತು. ನೋಡಿ, ಅದಕ್ಕೇ ಯಾರೂ ಈ ಕಾನೂನಿನ ಗೋಜಿಗೆ ಹೋಗಿಲ್ಲ. ಹೋದರೆ ಅಧಿವೇಶನ ಮುಗಿಯೋದೇ ಇಲ್ಲ.

ರಾಯ ಅವರೇ, ಮೌಂಟನ್ ವ್ಯೂಗೆ ಮತ್ತೆ ಯಾವಾಗ? ಏಪ್ರಿಲಲ್ಲಿ ಅಲ್ಲಿ ಜಾನಪದ ಉತ್ಸವ ನಡೆಯುತ್ತೆ ಅಂತ ಕೇಳಿದ್ದೀನಿ. ನಾವು ಎರಡು ಕಾರಿನಲ್ಲಿ ಬರ್ತೀವಿ.

ಬೆಂಟನ್‌ವಿಲ್ ರಾಯ

ಬನ್ನಿ ಬನ್ನಿ. ಏಪ್ರಿಲಿಗೇ ಇಟ್ಟುಕೊಳ್ಳೋಣ. ತಿಪ್ಪೇಶಿ, ನೀನೂ ತುಲ್ಸಾದಿಂದ ಬಾ. ಕುರ್ಚಿ ಮಾತ್ರ ನೀವೇ ತರಬೇಕು, ಅಲ್ಲಿ ಯಾರೂ ಕೊಡಲ್ಲ.

ಅಂದಹಾಗೆ ಮಗಳ ಲಾಂಛನದ ಪರೀಕ್ಷೆ ಆಯಿತು. ವಾದ್ಯ ಅನ್ನೋ ಜಾಗದಲ್ಲಿ ‘ಪಿಟೀಲು’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬಂದಿದ್ದಾಳೆ. ಟೀಚರ್ ಅರ್ಧ ಮಾರ್ಕು ಕೊಟ್ಟಿದ್ದಾರೆ.

ಕಮಾನು ಮತ್ತು ಕಾಫಿ

ಅರ್ಧ ಮಾರ್ಕಿಗೆ ನಾನು ಮೇಲ್ಮನವಿ ಬರೆದುಕೊಡ್ತೀನಿ. ಏಪ್ರಿಲಿಗೆ ನಾನೂ ಬರ್ತೀನಿ. ನನಗೂ ಆ ಪುಟ್ಟಿಗೂ ಕುರ್ಚಿ ಬೇಡ, ಒಂದು ಜಮಖಾನೆ ತರ್ತೀನಿ.